ಘುರ್ಯೆ ಎತ್ತಿದ ಪ್ರಶ್ನೆ ಮತ್ತು ಥಾಣೆಯ ಕನ್ನಡ ಸಂಘಗಳು

ಮುಂಬಯಿ ವಿಶ್ವವಿದ್ಯಾಲಯದ ಸಂಶೋಧನೆಯ ಬಲ ಯಾವುದರಲ್ಲಿ ಎಂದು ಕೇಳಿದರೆ ಅರ್ಥಶಾಸ್ತ್ರ, ರಸಾಯನ ತಂತ್ರಜ್ಞಾನಗಳ ಹೆಸರು ಮೊದಲು ಬರುತ್ತದೆ. 1933ರಲ್ಲಿ ಶುರುವಾದ ರಸಾಯನ ತಂತ್ರಜ್ಞಾನ ವಿಭಾಗವಂತೂ 2008ರಲ್ಲಿ ಪ್ರತ್ಯೇಕ ಸಂಸ್ಥೆಯೇ ಆಯಿತು. ಕನ್ನಡದ ಮಟ್ಟಿಗೆ ಮಾತ್ರ ಈ ವಿಶ್ವವಿದ್ಯಾಲಯದ ದೊಡ್ಡ ಕೊಡುಗೆ ಬಂದದ್ದು ಸಮಾಜಶಾಸ್ತ್ರದಿಂದ ಎಂಬುದು ನನ್ನ ಅಭಿಪ್ರಾಯ.

1919ರಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ಆರಂಭಿಸಿದ ಆ ವಿಭಾಗವನ್ನು 1924ರಿಂದ ಬೆಳೆಸಿದವರು ಜಿ. ಎಸ್. ಘುರ್ಯೆ. ಮೈಸೂರಿನಿಂದ ಬಂದ ಎಂ. ಎನ್. ಶ್ರೀನಿವಾಸ್ ಘುರ್ಯೆಯವರ ಕೈಕೆಳಗೆ ಬರೆದ ಎಂ.ಎ. ಪ್ರಬಂಧ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನು ಕುರಿತದ್ದು. 1942ರಲ್ಲಿ ಅದು ಪುಸ್ತಕವಾಯಿತು. ಕೊಡವರ ಮೇಲಿನ ಪಿಎಚ್.ಡಿ. ಪ್ರಬಂಧ 1944ರದು. ಅದೇ ಸಾಮಗ್ರಿಯನ್ನು ಅವರು ಆಕ್ಸ್‌ಫರ್ಡ್‌ನಲ್ಲಿ ಮತ್ತೆ ಹರಡಿಕೊಂಡು ಕೂತರು. ಅದರಿಂದ ಮೂಡಿದ 1952ರ ಗ್ರಂಥದಲ್ಲಿ, ಮೇಲ್ಜಾತಿಯ ಆಚರಣೆಗಳನ್ನು ಅನುಸರಿಸಿ ಜಾತಿಯೊಂದು ಮೇಲೇರುವ ‘ಸಂಸ್ಕೃತೀಕರಣ’ದ ಪರಿಕಲ್ಪನೆ ಸ್ಪಷ್ಟ ರೂಪ ಪಡೆಯಿತು. ವಿಶ್ಲೇಷಣೆಯ ಚೌಕಟ್ಟು ಆಕ್ಸ್‌ಫರ್ಡಿನದು ನಿಜ. ಆದರೆ ಕೊಡಗಿನ ಆಚರಣೆಗಳ ವಿವರವೆಲ್ಲ ಕೂಡಿಬಂದದ್ದು ಮುಂಬಯಿಯ ವಿದ್ಯಾರ್ಥಿಯಾಗಿದ್ದಾಗ. ಈ ಪಾಲನ್ನು ನಾವು ಸಾಕಷ್ಟು ಗುರುತಿಸಿಲ್ಲ.

ಘುರ್ಯೆಯವರ ಇನ್ನೊಂದು ವಿಚಾರ ಥಾಣೆಗೆ ನೇರವಾಗಿ ತಾಗುತ್ತದೆ. ನಗರದ ಜಾತಿ ಸಂಘಗಳು ವಿದ್ಯಾರ್ಥಿವೇತನ, ಸಹಕಾರಿ ವಸತಿಗಳ ಮೂಲಕ ಜಾತಿಪ್ರಜ್ಞೆಯನ್ನು ಗಟ್ಟಿಮಾಡುತ್ತವೆ ಎಂದು 1932ರ ತಮ್ಮ ಜಾತಿ ಕುರಿತ ಗ್ರಂಥದಲ್ಲಿ ಅವರು ಎಚ್ಚರಿಸಿದ್ದರು. ಕರಾವಳಿ ಮೂಲದ ಸಾರಸ್ವತರು 1915ರಲ್ಲಿ ಮುಂಬಯಿಯ ಗಾಂವ್‌ದೇವಿಯಲ್ಲಿ ಕಟ್ಟಿಕೊಂಡ ಸಹಕಾರಿ ವಸತಿ ಸಂಘ ಆ ಹೊತ್ತಿಗಾಗಲೇ ಕಣ್ಣೆದುರಿಗಿತ್ತು.

ಥಾಣೆಯ ವರ್ತಕ ನಗರದಲ್ಲಿ ಸರಕಾರಿ ವಸತಿ ಪ್ರಾಧಿಕಾರವಾದ ಮ್ಹಾಡಾದ ಬಡಾವಣೆ ಹಾಗಲ್ಲ; ಅಲ್ಲಿ ಎಲ್ಲ ಭಾಷೆ, ಜಾತಿಯವರೂ ಒಂದೇ ಮೆಟ್ಟಿಲು ಹತ್ತಿಳಿಯುತ್ತಾರೆ. ಹಾಗಿದ್ದೂ ಥಾಣೆಯಿಂದ ಡೊಂಬಿವಲಿ, ಕಲ್ಯಾಣ್, ನವಿಮುಂಬಯಿವರೆಗೆ ಬಂಟರ, ಬಿಲ್ಲವರ ಸಂಘಗಳ ಪ್ರಾದೇಶಿಕ ಸಮಿತಿ, ಸ್ಥಳೀಯ ಕಚೇರಿಗಳಿವೆ. ಜತೆಗೆ ಜಾತಿ ಕೇಳದ ಕನ್ನಡ ಸಂಘಗಳೂ ಇವೆ. ಎರಡರಲ್ಲೂ ಪದಾಧಿಕಾರಿಯಾಗಿ ದುಡಿಯುವವರು ಕಡಿಮೆಯಿಲ್ಲ. ಶನಿಗ್ರಂಥ ಪಾರಾಯಣ, ಅರಸಿನ ಕುಂಕುಮ, ಯಕ್ಷಗಾನ ನಡೆಯುವುದು ಹೆಚ್ಚಾಗಿ ಜಾತಿ ಸಂಘದ ಆಶ್ರಯದಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್ ಅಥವಾ ಮರಾಠಿ ಆಡುವ ಮಗುವಿನ ಕಿವಿಗೆ ಕನ್ನಡ ಬೀಳುವುದೂ ಅಲ್ಲಿಯೇ. ಹಾಗಾಗಿ ಘುರ್ಯೆಯವರ ತೀರ್ಮಾನ ಇಲ್ಲಿ ಅರ್ಧ ಮಾತ್ರ ನಿಲ್ಲುತ್ತದೆ ಎಂದು ನನಗೆ ತೋರುತ್ತದೆ. ಜಾತಿಯನ್ನು ಉಳಿಸುವ ಸಂಘವೇ ಭಾಷೆಯನ್ನೂ ಹೊತ್ತಿದೆ.

ಇದನ್ನು ಪರೀಕ್ಷಿಸಲು ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ 1978ರಿಂದ ಇರುವ ಕನ್ನಡ ವಿಭಾಗಕ್ಕಿಂತ ಸೂಕ್ತ ನೆಲೆ ಬೇರಿಲ್ಲ. ಮುಂಬಯಿ ಕನ್ನಡಿಗರ ಸಾಹಿತ್ಯದ ಅಧ್ಯಯನದಲ್ಲಿ ಅದರ ಕೆಲಸ ಗಟ್ಟಿಯಾದದ್ದು. ಅದರ ಜತೆ ಸಮಾಜಶಾಸ್ತ್ರದ ಕ್ಷೇತ್ರಕಾರ್ಯ ಕೂಡಬೇಕು. ಸಂಘಗಳ ಕಪಾಟುಗಳಲ್ಲಿರುವ ನಡಾವಳಿ ಪುಸ್ತಕ, ಮಹಾಸಭೆಯ ವರದಿ, ಸ್ಮರಣ ಸಂಚಿಕೆಗಳನ್ನು ವರ್ಷವಾರು ಜೋಡಿಸಿದರೆ ಯಾವ ಸಂಘದ ವರದಿ ಯಾವ ವರ್ಷ ಕನ್ನಡದಿಂದ ಇಂಗ್ಲಿಷಿಗೆ ಹೊರಳಿತು, ಆಗ ಕಾರ್ಯದರ್ಶಿಯಾಗಿದ್ದವರು ಊರಿನಲ್ಲಿ ಓದಿದವರೋ ಇಲ್ಲಿ ಹುಟ್ಟಿದವರೋ ಎಂಬುದು ತಿಳಿಯುತ್ತದೆ. ಮೊದಲು ಹುಡುಕಬೇಕಾದದ್ದು ಇದನ್ನೇ.