ಅಗಲಿದ ಮಗುವಿನ ಪಾಲು

ಮಾಣಿಯಿಂದ ಪುತ್ತೂರು, ಸುಳ್ಯ ದಾಟಿ ಸಂಪಾಜೆಗೆ ಬರುವ ಹೆದ್ದಾರಿಯಲ್ಲಿ ಬಸ್ ತಂಗುದಾಣಗಳ ಗೋಡೆಬರಹ ಓದುತ್ತ ಬಂದರೆ, ಸತ್ತವರನ್ನು ಈ ಸೀಮೆ ಹೇಗೆ ನೆನೆಯುತ್ತದೆಂದು ತಿಳಿಯುತ್ತದೆ. ಇಂಥವರ ಸ್ಮರಣಾರ್ಥ, ಮಕ್ಕಳು ಮತ್ತು ಕುಟುಂಬಸ್ಥರ ಕೊಡುಗೆ. ಶಾಲೆಯ ರಂಗಮಂದಿರ, ದೇವಸ್ಥಾನದ ಊಟದ ಚಪ್ಪರ, ಹತ್ತನೇ ತರಗತಿಯ ದತ್ತಿನಿಧಿ ಬಹುಮಾನ, ಎಲ್ಲದರ ಹಿಂದೆಯೂ ಒಂದು ಹೆಸರಿರುತ್ತದೆ. ಆ ಹೆಸರುಗಳಲ್ಲಿ ಬಹುಪಾಲು ತುಂಬು ಬಾಳು ಕಂಡವರದು; ಮಗುವಿನ ಹೆಸರು ಅಪರೂಪ. ಹಾಗಾಗಿ ತೀರಿಕೊಂಡ ಮಗುವಿನ ಹೆಸರಲ್ಲಿ ಹಣ ಕೂಡಿಸಿ ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಕೊಡುವುದು ಹೊರಗಿನಿಂದ ಬಂದ ರೂಢಿ ಎಂದು ಅನ್ನಿಸುವುದು ಸಹಜ. ಆದರೆ ಇಲ್ಲಿನ ಆಚರಣೆಗಳ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ. ಅಗಲಿದ ಮಗುವಿಗೂ ಮನೆಯಲ್ಲಿ ಪಾಲು ಇದೆ, ಅದನ್ನು ಸಲ್ಲಿಸದೆ ಬಿಡಬಾರದು ಎಂಬ ನಂಬಿಕೆ ಈ ಮಣ್ಣಿನಲ್ಲಿ ಹಳೆಯದು. ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ಇಂದು ಬೇಕಿರುವುದೂ ಕಟ್ಟಡಕ್ಕಿಂತ ಹೆಚ್ಚಾಗಿ ಇಂಥ ನಿಲ್ಲದ ಸಲ್ಲಿಕೆಯೇ.

ಎಳೆಯ ಮಕ್ಕಳು ತೀರಿಕೊಂಡರೆ ಹೂಳುವುದು ವಾಡಿಕೆ. ಹಿರಿಯರಿಗಿರುವಂಥ ವಾರ್ಷಿಕ ಶ್ರಾದ್ಧ ಅನೇಕ ಸಮುದಾಯಗಳಲ್ಲಿ ಅವರಿಗಿಲ್ಲ. ಆದರೂ ತುಳುನಾಡಿನ ಹಲವು ಮನೆಗಳಲ್ಲಿ ಅವರ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಬದುಕಿದ್ದರೆ ಈಗ ಮದುವೆಯ ವಯಸ್ಸು ಎನ್ನುವ ಹೊತ್ತಿಗೆ, ಹಾಗೆಯೇ ಮಗುವನ್ನು ಕಳೆದುಕೊಂಡ ಇನ್ನೊಂದು ಮನೆಯನ್ನು ಹುಡುಕಿ, ಜಾತಿ, ಬರಿ (ಗೋತ್ರ) ವಿಚಾರಿಸಿ, ಸಾಮಾನ್ಯವಾಗಿ ಮಳೆಗಾಲದ ಆಟಿ ತಿಂಗಳಲ್ಲಿ ಕುಲೆ ಮದಿಮೆ, ಅಂದರೆ ತೀರಿಕೊಂಡವರ ಆತ್ಮಗಳ ಮದುವೆ, ಮಾಡುತ್ತಾರೆ. ಗಂಡಿನ ಕಡೆಯವರು ಧಾರೆ ಸೀರೆ ತರುತ್ತಾರೆ. ವಧೂವರರು ಕೂರಬೇಕಾದಲ್ಲಿ ಒಂದು ಕಡೆ ಸೀರೆ, ಇನ್ನೊಂದು ಕಡೆ ಪಂಚೆ ಶಲ್ಯ ಇಟ್ಟು ಹಾರ ಹಾಕುತ್ತಾರೆ. ಮದುವೆಯಾಗದವರು ಇದನ್ನು ನೋಡುವಂತಿಲ್ಲ. ಕೊನೆಗೆ ನೆಂಟರಿಷ್ಟರಿಗೆಲ್ಲ ಬಾಳೆಲೆ ಹಾಕಿ ಊಟ. 2022ರ ಜುಲೈಯಲ್ಲಿ ಇಂಥದೊಂದು ಮದುವೆಯ ವಿವರ ದೇಶದ ಗಮನ ಸೆಳೆಯಿತು. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಹೊರಗಿನವರು ಬೆರಗಾದರು. ಆ ಜಾಹೀರಾತಿನ ಹಿಂದಿದ್ದ ಭಾವವನ್ನು ಗಮನಿಸಬೇಕು: ಮಗು ತೀರಿಕೊಂಡಿದ್ದರೂ ಮನೆಯವರ ಮನಸ್ಸಿನಲ್ಲಿ ಅದಕ್ಕೆ ವರ್ಷ ತುಂಬುತ್ತಲೇ ಇತ್ತು, ಅದಕ್ಕೆ ಸಲ್ಲಬೇಕಾದ್ದು ಬಾಕಿ ಇತ್ತು.

ಕಾಯಿಲೆಯ ಮಗುವಿಗಾಗಿ ಊರಿನ ಮುಂದೆ ಕೈಯೊಡ್ಡುವುದೂ ಇಲ್ಲಿ ಹೊಸತಲ್ಲ. ಮಗು ಹುಷಾರಾದರೆ ಮಾರ್ನೆಮಿಗೆ ಹುಲಿವೇಷ ಹಾಕಿಸುತ್ತೇವೆಂದು ಹರಕೆ ಹೊತ್ತ ತಂದೆತಾಯಿಗಳು ಕರಾವಳಿಯಲ್ಲಿ ಎಷ್ಟೋ ಮಂದಿ. ವೇಷ ಹಾಕಿ ಮನೆ ಮನೆ ತಿರುಗಿದಾಗ ಕೈಗೆ ಬಿದ್ದ ಹಣ ವೇಷಧಾರಿಯ ಸ್ವಂತ ಗಳಿಕೆಯಲ್ಲ. ಹರಕೆ ಅದರ ದಾರಿಯನ್ನು ಮೊದಲೇ ನಿಶ್ಚಯಿಸಿರುತ್ತದೆ. ಕಟೀಲು ಯಕ್ಷಗಾನ ಮೇಳಗಳ ಹರಕೆ ಆಟಕ್ಕೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುವವರಿದ್ದಾರೆ. ಉಡುಪಿಯ ವಿಟ್ಲಪಿಂಡಿ ಉತ್ಸವದಲ್ಲಿ ಕಟ್ಟಡ ಕಾರ್ಮಿಕ ರವಿ ಕಟಪಾಡಿ ಅವರು ವಿಚಿತ್ರ ವೇಷ ಹಾಕಿ ಕೂಡಿಸಿದ ಹಣವನ್ನು ಕಾಯಿಲೆ ಬಿದ್ದ ಮಕ್ಕಳ ಚಿಕಿತ್ಸೆಗೆ ಕೊಡುತ್ತ ಬಂದಾಗ, ಜನ ವಿವರಣೆ ಕೇಳಲಿಲ್ಲ. ವೇಷ, ಮಗು, ಕಾಣಿಕೆ ಈ ಮೂರರ ನಂಟು ಅವರಿಗೆ ಗೊತ್ತಿದ್ದದ್ದೇ. ಸತ್ತವರ ನೆನಪಿಗೂ ಇಂಥದೇ ದಾರಿಯಿದೆ. ಸಂಪಾಜೆಯಲ್ಲೇ ನೋಡಿದರೆ, ಕೀಲಾರು ಗೋಪಾಲಕೃಷ್ಣಯ್ಯ ಅವರ ನೆನಪಿನ ಪ್ರತಿಷ್ಠಾನದ ಆಶ್ರಯದಲ್ಲಿ ಕಲ್ಲುಗುಂಡಿಯಲ್ಲಿ ನಡೆದುಬಂದ ಯಕ್ಷೋತ್ಸವ ಇದೆ. ಅಲ್ಲಿ ನೆನಪು ಕಲ್ಲಿನಲ್ಲಿ ಕೆತ್ತಿ ಮುಗಿಸುವ ಕೆಲಸವಾಗಿಲ್ಲ. ಮತ್ತೆ ಮತ್ತೆ ಜನ ಸೇರಿ, ಚೆಂಡೆ ಕೇಳಿ, ರಾತ್ರಿ ಕಳೆದು ಉಳಿಸಿಕೊಳ್ಳುವಂಥದ್ದಾಗಿದೆ.

ಆಸ್ಪತ್ರೆಗಳ ಚರಿತ್ರೆಯಲ್ಲೂ ನೆನಪಿನ ಕೊಡುಗೆ ನಮಗೆ ದೂರದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಜಮ್ಮಣ್ಣಿ ಮತ್ತು ಅವರ ಹೆಣ್ಣುಮಕ್ಕಳು ಕ್ಷಯಕ್ಕೆ ಬಲಿಯಾದರು. ಆ ನೋವಿನಿಂದ ಮೈಸೂರಿನಲ್ಲಿ ಕೃಷ್ಣಜಮ್ಮಣ್ಣಿ ಅವರ ಹೆಸರಿನ ಕ್ಷಯರೋಗ ಆಸ್ಪತ್ರೆ ಎದ್ದಿತು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಎಚ್.ಜೆ. ಭಾಭಾ ಅವರ ಮಗಳು ಮೆಹರ್‌ಬಾಯಿ ಬೆಂಗಳೂರು, ಮೈಸೂರುಗಳಲ್ಲಿ ಬೆಳೆದವರು. ಅವರು 1931ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಪತಿ ದೊರಾಬ್ಜಿ ಟಾಟಾ ಅವರ ಹೆಸರಿನ ಟ್ರಸ್ಟ್ 1941ರಲ್ಲಿ ಮುಂಬಯಿಯ ಪರೇಲ್‌ನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆಯಿತು. ಇವೆರಡೂ ಅರಮನೆ, ಸಿರಿವಂತರ ಕೊಡುಗೆ. ಸಾಮಾನ್ಯರ ನಾಣ್ಯಗಳಿಂದ ಮಕ್ಕಳ ಕ್ಯಾನ್ಸರ್ ಚಿಕಿತ್ಸೆ ಬೆಳೆದ ದೊಡ್ಡ ಉದಾಹರಣೆ ಅಮೆರಿಕದ ಬಾಸ್ಟನ್‌ನದು. ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ ಔಷಧಿಯಿಂದ ಡಾ. ಸಿಡ್ನಿ ಫಾರ್ಬರ್ ಅಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟುವುದನ್ನು ತೋರಿಸಿದರು. 1948ರಲ್ಲಿ ರೇಡಿಯೋದಲ್ಲಿ ಅಲ್ಲಿನ ಒಬ್ಬ ಹುಡುಗನ ದನಿ ಕೇಳಿದ ಜನ ಎರಡು ಲಕ್ಷ ಡಾಲರಿಗೂ ಹೆಚ್ಚು ಹಣ ಕಳಿಸಿದರು. ಆ ನಿಧಿ ಅಂದಿಗೇ ಮುಗಿಯಲಿಲ್ಲ, ಇಂದಿಗೂ ವರ್ಷ ವರ್ಷ ಕೂಡುತ್ತಿದೆ. ಅದರ ದೊಡ್ಡಸ್ತಿಕೆ ಮೊದಲ ದಿನದ ಮೊತ್ತದಲ್ಲಿಲ್ಲ, ಈ ಮುಂದುವರಿಕೆಯಲ್ಲಿದೆ.

ಮುಂದುವರಿಕೆ ಏಕೆ ಮುಖ್ಯ ಎನ್ನುವುದನ್ನು ಸಂಪಾಜೆಯಲ್ಲಿ ನಿಂತು ನೋಡಿದರೆ ಸ್ಪಷ್ಟವಾಗುತ್ತದೆ. ಎರಡು ಜಿಲ್ಲೆಗಳ ಗಡಿಯಲ್ಲಿರುವ ಸಂಪಾಜೆ ಎರಡು: ಒಂದು ದಕ್ಷಿಣ ಕನ್ನಡದ್ದು, ಇನ್ನೊಂದು ಕೊಡಗಿನದು. ಮಗುವಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಇಲ್ಲಿನವರು ಒಂದೋ ಸುಮಾರು ನೂರು ಕಿಲೋಮೀಟರ್ ಇಳಿದು ಮಂಗಳೂರಿಗೆ, ಇಲ್ಲವೇ ಘಾಟಿ ಹತ್ತಿ ಮೈಸೂರು, ಬೆಂಗಳೂರಿಗೆ ಹೋಗಬೇಕು. ಮಕ್ಕಳಲ್ಲಿ ಹೆಚ್ಚು ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಎರಡರಿಂದ ಮೂರು ವರ್ಷ ಚಿಕಿತ್ಸೆ. ಕಿಮೋ ಪಡೆದು ಮನೆಗೆ ಬಂದ ಮಗುವಿಗೆ ರಾತ್ರಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಬಿಳಿರಕ್ತಕಣ ಇಳಿದಿರುವಾಗ ಸೋಂಕು ಗಂಟೆಗಳಲ್ಲಿ ಪ್ರಾಣ ತೆಗೆಯಬಹುದು. ತೋಟದ ಒಳದಾರಿಯಿಂದ ಮಳೆಯಲ್ಲಿ ಜೀಪು ಹೊರಡಬೇಕು, ಹೋದಲ್ಲಿ ಪ್ಲೇಟ್‌ಲೆಟ್ ಕೊಡುವವರು ಸಿಗಬೇಕು, ತಾಯಿಗೆ ಉಳಿಯಲು ಜಾಗ ಬೇಕು, ತಂದೆಯ ಕೂಲಿ ನಿಂತಾಗ ಮನೆಯಲ್ಲಿ ಅಕ್ಕಿ ಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದು ಘಾಟಿ ರಸ್ತೆಯೇ ಮುಚ್ಚಿತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, 2030ರೊಳಗೆ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಕನಿಷ್ಠ ನೂರಕ್ಕೆ ಅರವತ್ತು ಮಂದಿಯಾದರೂ ಬದುಕುಳಿಯಬೇಕು ಎಂಬ ಗುರಿ ಇಟ್ಟಿತು. ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ, ಬಡ ದೇಶಗಳಲ್ಲಿ ಮೂವತ್ತಕ್ಕಿಂತ ಕಡಿಮೆ. ಈ ಅಂತರಕ್ಕೆ ತಡವಾದ ಪತ್ತೆ, ಔಷಧಿಯ ಅಭಾವದಷ್ಟೇ, ನಡುವೆ ನಿಂತುಹೋದ ಚಿಕಿತ್ಸೆಯೂ ಕಾರಣ.

ಅಗಲಿದ ಮಗುವಿನ ಹೆಸರಿನ ನಿಧಿಯಿಂದ ಊರು ಇಂಥ ಚಿಕಿತ್ಸೆಗೆ ಜೊತೆ ನಿಲ್ಲಬೇಕು ಎನ್ನುವುದಕ್ಕೆ ಎದುರು ಮಾತುಗಳಿವೆ. ಚಿಕಿತ್ಸೆಯ ಹೊಣೆ ಸರಕಾರದ್ದಲ್ಲವೇ ಎನ್ನುವುದು ಮೊದಲನೆಯದು. ಖಂಡಿತ ಸರಕಾರದ್ದೇ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಆ ಹಕ್ಕನ್ನು ಬಿಟ್ಟುಕೊಡಬೇಕಿಲ್ಲ. ಆದರೆ ನಡುರಾತ್ರಿಯ ಜೀಪಿನ ಬಾಡಿಗೆಗೆ, ನಿಂತುಹೋದ ಕೂಲಿಗೆ ಆ ಯೋಜನೆಯಲ್ಲಿ ದಾರಿಯಿಲ್ಲ. ಊರಿನ ನಿಧಿ ತುಂಬಬೇಕಾದ್ದು ಆ ಜಾಗವನ್ನು. ಕುಲೆಯ ನಂಬಿಕೆಯನ್ನು ವೈದ್ಯಕ್ಕೆ ಎಳೆದು ತರುವುದು ಮೂಢನಂಬಿಕೆಯಲ್ಲವೇ ಎಂಬುದು ಎರಡನೆಯದು. ಕುಲೆ ಕಾಡುತ್ತದೆಂದು ನಂಬದವರೂ, ಮೂವತ್ತು ವರ್ಷ ಒಂದು ಮಗುವನ್ನು ಲೆಕ್ಕದಲ್ಲಿಟ್ಟುಕೊಂಡ ಮನೆಯ ನಿಷ್ಠೆಯನ್ನು ಗೌರವಿಸಬಹುದು. ಆ ಮದುವೆಗಳಲ್ಲಿ ಭಯದ ಪಾಲೂ ಇದೆ, ನಿಜ. ಆದರೆ ಭಯ ಕರಗಿದರೂ ಋಣದ ಭಾವ ಉಳಿಯಬಲ್ಲದು. ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು: ಮಗುವಿನ ಹೆಸರು, ಫೋಟೋ ಮುಂದಿಟ್ಟು ಹಣ ಎತ್ತುವುದು ನೋವಿನ ಪ್ರದರ್ಶನವಲ್ಲವೇ? ಇದಕ್ಕೆ ಬಾಸ್ಟನ್‌ನ ನಿಧಿಯಲ್ಲೇ ಉತ್ತರವಿದೆ. ರೇಡಿಯೋದಲ್ಲಿ ದನಿ ಕೇಳಿಸಿದ ಆ ಹುಡುಗನನ್ನು ಜಿಮ್ಮಿ ಎಂದು ಕರೆದದ್ದು ಅವನ ಗುರುತು ಕಾಪಾಡಲು. ಅವನು ಐನರ್ ಗುಸ್ತಾಫ್ಸನ್ ಎಂದು ಲೋಕಕ್ಕೆ ಗೊತ್ತಾದದ್ದು ಐವತ್ತು ವರ್ಷಗಳ ನಂತರ, ಅವನು ಗುಣವಾಗಿ ಬಾಳುತ್ತಿದ್ದಾಗ. ಮುಖ ಕಾಣದೆಯೂ ಜನ ಕೊಟ್ಟರು. ಕಾಯಿಲೆಯಲ್ಲಿರುವ ಮಗುವಿನ ಗುಟ್ಟು ಕಾಯಬೇಕು. ತೀರಿಕೊಂಡ ಮಗುವಿನ ಹೆಸರು ಹೇಳುವುದೋ ಬೇಡವೋ ಎಂಬ ತೀರ್ಮಾನ ಹೆತ್ತವರದೇ ಆಗಿರಬೇಕು.

ಇಷ್ಟನ್ನು ಒಪ್ಪಿದರೆ ಮುಂದಿನ ದಾರಿ ಕಷ್ಟದ್ದಲ್ಲ. ದೊಡ್ಡ ಮೊತ್ತ ಒಮ್ಮೆ ಕೂಡಿಸಿ, ವಾರ್ಡಿನ ಗೋಡೆಗೆ ಫಲಕ ಹಾಕಿ ಮುಗಿಸುವುದಕ್ಕಿಂತ, ಮಗುವಿನ ಹುಟ್ಟುಹಬ್ಬಕ್ಕೋ ಆಟಿಗೋ ಪ್ರತಿ ವರ್ಷ ಸಲ್ಲುವ ನಿಧಿ ಮೇಲು. ಮಗು ಇದ್ದಿದ್ದರೆ ಈಗ ಎಷ್ಟು ವರ್ಷವೋ ಅದಕ್ಕೆ ತಕ್ಕಂತೆ ಮೊತ್ತವನ್ನೂ ಸ್ವಲ್ಪ ಸ್ವಲ್ಪ ಏರಿಸಬಹುದು. ವಾಹನ, ವಸತಿ, ರಕ್ತ, ಆಹಾರ ಎಂದು ಖರ್ಚಿನ ಬಾಬ್ತು ಮೊದಲೇ ಗೊತ್ತುಮಾಡಿ, ವಾರ್ಡಿನ ವೈದ್ಯರನ್ನೂ ಸಮಾಜಸೇವಕರನ್ನೂ ಕೇಳಿ, ದೈವಸ್ಥಾನದ ನೇಮದ ಲೆಕ್ಕ ಓದುವಂತೆ ಊರಿನ ಮುಂದೆ ಲೆಕ್ಕ ಓದಬೇಕು. ಇದಕ್ಕೆ ಬೇಕಾದ ಸಹಕಾರ ಸಂಘ, ಯಕ್ಷಗಾನದ ಬಳಗ, ಯುವಕ ಮಂಡಲ ಯಾವುದೂ ಈ ಸೀಮೆಗೆ ಕಡಿಮೆಯಿಲ್ಲ. ಸತ್ತ ಮಗುವಿಗೆ ಮೂವತ್ತು ವರ್ಷದ ಬಳಿಕವೂ ಸೀರೆ ತರಬಲ್ಲ ಜನಕ್ಕೆ, ಬದುಕಿರುವ ಮಗುವಿನ ಮೂರು ವರ್ಷದ ಚಿಕಿತ್ಸೆಗೆ ಜೊತೆ ನಿಲ್ಲುವುದು ಶಕ್ತಿ ಮೀರಿದ ಕೆಲಸವಲ್ಲ.