ಬೆಂಗಳೂರು ಎಫ್‌ಸಿ: ಗೋಲ್ ಬತ್ತಿದಾಗ ಕೋಚ್ ಮೇಲೇಕೆ ಕೋಪ?

ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟದ ಮೇಲಿನ ತಿಗನಾರೆಯಂಥ ಊರುಗಳಲ್ಲಿ ಆಡಳಿತ ತಮಿಳುನಾಡಿನದು, ಆಡುವ ಮಾತು ಕನ್ನಡ. ಹಾಗಾಗಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ನೋಡುವವರಿಗೆ ಇಲ್ಲಿಂದ ಎರಡು ತಂಡಗಳು ಹತ್ತಿರ. ಒಂದು ರಾಜ್ಯದ ರಾಜಧಾನಿಯ ಚೆನ್ನೈಯಿನ್ ಎಫ್‌ಸಿ, ಇನ್ನೊಂದು ಭಾಷೆಯ ನಂಟಿನ ಬೆಂಗಳೂರು ಎಫ್‌ಸಿ. ಈ ಎರಡೂ ತಂಡಗಳು 2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೈನಲ್ ಆಡಿದವು. ಚೆನ್ನೈ 3-2ರಿಂದ ಗೆದ್ದಿತು. ಅದರ ಮೊದಲ ಎರಡು ಗೋಲ್ ಕಾರ್ನರ್ ಕಿಕ್‌ನಿಂದ ಬಂದ ಹೆಡರ್‌ಗಳು.

ಮುಂದಿನ ಮೂರು ವರ್ಷ ಬೆಂಗಳೂರು ತಂಡದ ಯಶಸ್ಸು, ಅಭಿಮಾನಿಗಳ ಸಿಟ್ಟು ಎರಡಕ್ಕೂ ಇದೇ ಕಾರ್ನರ್ ಕಿಕ್ ಕಾರಣವಾಯಿತು.

ಕೋಚ್ ಮಾಡುವುದೇನು?

ಅಮೆರಿಕದ ಫುಟ್‌ಬಾಲ್‌ನಲ್ಲಿ ಪ್ರತಿ ಬಾರಿ ಆಟ ನಿಂತು ಮತ್ತೆ ಶುರುವಾಗುತ್ತದೆ. ಮುಂದಿನ ನಡೆ ಯಾವುದೆಂದು ಅಂಚಿನಲ್ಲಿ ನಿಂತ ಕೋಚ್ ಹೇಳಿಕಳಿಸುತ್ತಾರೆ. ನಮ್ಮಲ್ಲಿ ಆಡುವ ಫುಟ್‌ಬಾಲ್‌ನಲ್ಲಿ ಆ ಅವಕಾಶವಿಲ್ಲ. ಚೆಂಡು ಓಡುತ್ತಲೇ ಇರುತ್ತದೆ. ಕೋಚ್ ಕೈಯಲ್ಲಿರುವುದು ಹನ್ನೊಂದು ಮಂದಿಯ ಆಯ್ಕೆ, ಅವರು ನಿಲ್ಲುವ ಕ್ರಮ, ವಿರಾಮದ ವೇಳೆಯ ಮಾತು ಮತ್ತು ಬದಲಿ ಆಟಗಾರರು. ಮೊದಲೇ ಅಭ್ಯಾಸ ಮಾಡಿಸಿದ ನಡೆಯನ್ನು ಹಾಗೆಯೇ ಆಡಿಸಲು ಸಿಗುವುದು ಆಟ ನಿಂತಾಗ ಮಾತ್ರ, ಅಂದರೆ ಫ್ರೀ ಕಿಕ್, ಕಾರ್ನರ್ ಕಿಕ್, ಥ್ರೋ ಸಮಯದಲ್ಲಿ. ಇವನ್ನು 'ಸೆಟ್ ಪೀಸ್' ಎನ್ನುತ್ತಾರೆ.

ಅಂಕಿಗಳು ಹೇಳುವ ಕಥೆ

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಆಶ್ಲೇ ವೆಸ್ಟ್‌ವುಡ್ ಅವರ ಮಾರ್ಗದರ್ಶನದಲ್ಲಿ ಐ-ಲೀಗ್ ಗೆದ್ದಿತು. 2016ರಲ್ಲಿ ಆಲ್ಬರ್ಟ್ ರೋಕಾ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ವರೆಗೆ ಒಯ್ದರು. ಹಾಗಾಗಿ ಪಶ್ಚಿಮ ಗ್ಯಾಲರಿಯ 'ವೆಸ್ಟ್ ಬ್ಲಾಕ್ ಬ್ಲೂಸ್' ಸೇರಿದಂತೆ ಅಭಿಮಾನಿಗಳ ನಿರೀಕ್ಷೆ ಆರಂಭದಿಂದಲೇ ದೊಡ್ಡದಾಗಿತ್ತು.

ಐಎಸ್‌ಎಲ್ ಲೀಗ್ ಹಂತದ 18 ಪಂದ್ಯಗಳಲ್ಲಿ ತಂಡದ ಗೋಲ್ ಲೆಕ್ಕ ಹೀಗಿದೆ:

2017-18: ಹೊಡೆದದ್ದು 35, ಬಿಟ್ಟುಕೊಟ್ಟದ್ದು 16
2018-19: ಹೊಡೆದದ್ದು 29, ಬಿಟ್ಟುಕೊಟ್ಟದ್ದು 22
2019-20: ಹೊಡೆದದ್ದು 22, ಬಿಟ್ಟುಕೊಟ್ಟದ್ದು 13

ರೋಕಾ ನಂತರ ಬಂದ ಕಾರ್ಲೆಸ್ ಕ್ವಾದ್ರಾತ್ 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ಟ್ರೋಫಿ ಗೆದ್ದುಕೊಟ್ಟರು. 117ನೇ ನಿಮಿಷದಲ್ಲಿ ದಿಮಾಸ್ ದೆಲ್ಗಾದೊ ಒದ್ದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟರು. ಪಂದ್ಯದ ಏಕೈಕ ಗೋಲ್ ಅದು. ಅಂದು ಸೆಟ್ ಪೀಸ್ ಬಗ್ಗೆ ಯಾರೂ ದೂರಲಿಲ್ಲ.

ಅದೇ ವರ್ಷ ಸ್ಟ್ರೈಕರ್ ಮೀಕು ತಂಡ ಬಿಟ್ಟರು. ರಕ್ಷಣೆ ಗಟ್ಟಿಯಾಯಿತು, ದಾಳಿ ಸೊರಗಿತು. ಓಡುವ ಆಟದಲ್ಲಿ ಗೋಲ್ ಹುಟ್ಟದೆ ತಂಡ ಸೆಟ್ ಪೀಸನ್ನೂ ಸುನೀಲ್ ಛೆಟ್ರಿಯವರನ್ನೂ ನೆಚ್ಚಿಕೊಂಡಿತು. ಬೆಂಗಳೂರಿನಲ್ಲಿ ಗೋಲ್ ಸಿಗದೆ ಒದ್ದಾಡಿದ ಮಾನುಯೆಲ್ ಒನ್ವು, 2020ರ ಆರಂಭದಲ್ಲಿ ಒಡಿಶಾ ಎಫ್‌ಸಿಗೆ ಹೋಗಿ ನಾಲ್ಕು ಪಂದ್ಯಗಳಲ್ಲಿ ಏಳು ಗೋಲ್ ಹೊಡೆದರು. ತಪ್ಪು ಆಟಗಾರನದೋ, ಆಡಿಸುವ ರೀತಿಯದೋ ಎಂಬ ಪ್ರಶ್ನೆ ಏಳಲು ಇಷ್ಟು ಸಾಕಾಯಿತು.

ಸತತ ಮೂರು ಸೋಲು

2020-21ರ ಋತು ಕೋವಿಡ್ ಕಾರಣ ಪ್ರೇಕ್ಷಕರಿಲ್ಲದೆ ಗೋವಾದಲ್ಲಿ ನಡೆಯಿತು. ಎಟಿಕೆ ಮೋಹನ್ ಬಾಗಾನ್, ಜಮ್‌ಶೆಡ್‌ಪುರ, ಮುಂಬೈ ಸಿಟಿ ವಿರುದ್ಧ ಬೆಂಗಳೂರು ಸಾಲಾಗಿ ಸೋತಿತು. ಮೊದಲ ಎರಡರಲ್ಲಿ ಒಂದೂ ಗೋಲ್ ಬರಲಿಲ್ಲ. ಕ್ಲಬ್ ಸತತ ಮೂರು ಪಂದ್ಯ ಸೋತದ್ದು ಅದೇ ಮೊದಲು. ಮುಂಬೈ ಪಂದ್ಯದ ಮರುದಿನ, 2021ರ ಜನವರಿ 6ರಂದು, ಕ್ವಾದ್ರಾತ್ ನಿರ್ಗಮಿಸಿದರು. ಟ್ರೋಫಿ ತಂದು ಎರಡು ವರ್ಷವೂ ತುಂಬಿರಲಿಲ್ಲ. ಆದರೂ ತಂಡ ಚೇತರಿಸಿಕೊಳ್ಳದೆ ಏಳನೇ ಸ್ಥಾನಕ್ಕೆ ಇಳಿಯಿತು.

ಕೋಚ್ ಬದಲಾದರೆ ಸಾಕೇ?

ಸೈಮನ್ ಗ್ರೇಸನ್ ಕಾಲ ಇದಕ್ಕೆ ಎರಡು ಬಗೆಯ ಉತ್ತರ ಕೊಡುತ್ತದೆ. 2022ರಲ್ಲಿ ಬಂದ ಅವರು ಡುರಾಂಡ್ ಕಪ್ ಗೆದ್ದರೂ ಐಎಸ್‌ಎಲ್‌ನಲ್ಲಿ ಮುಗ್ಗರಿಸಿದರು. ಆಗ ಅವರು ಕೈಗೊಂಡದ್ದು ಕಠಿಣ ತೀರ್ಮಾನ: ನಾಯಕ ಛೆಟ್ರಿ ಬೆಂಚಿಗೆ; ರಾಯ್ ಕೃಷ್ಣ ಜೊತೆ ದಾಳಿಗೆ ತಮಿಳುನಾಡಿನ ಯುವಕ ಶಿವಶಕ್ತಿ ನಾರಾಯಣನ್. ತಂಡ ಲೀಗ್‌ನ ಕೊನೆಯ ಎಂಟೂ ಪಂದ್ಯ ಗೆದ್ದಿತು. 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಬದಲಿಯಾಗಿ ಇಳಿದ ಛೆಟ್ರಿ, ಫ್ರೀ ಕಿಕ್ ಅನ್ನು ಥಟ್ಟನೆ ಒದ್ದು ಗೋಲ್ ಮಾಡಿದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಮೈದಾನದಿಂದ ಹೊರಗೆ ಕರೆದರು. ಅದರ ಬೆಲೆಯಾಗಿ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ ಬಿತ್ತು. ಬೆಂಗಳೂರು ಫೈನಲ್ ತಲುಪಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು.

ಒಂಬತ್ತು ತಿಂಗಳೊಳಗೆ ಚಿತ್ರ ಮಗುಚಿತು. 2023ರ ಡಿಸೆಂಬರ್‌ನಲ್ಲಿ ತವರಿನಲ್ಲೇ ಮುಂಬೈ ಸಿಟಿಗೆ 0-4ರಿಂದ ಶರಣಾದ ಬಳಿಕ ಗ್ರೇಸನ್ ಹೊರನಡೆದರು. ಅವರ ನಂತರ ಬಂದ ಗೆರಾರ್ಡ್ ಸರಗೋಸಾ ಕೈಯಲ್ಲೂ ತಂಡ ಆ ವರ್ಷ 12 ತಂಡಗಳಲ್ಲಿ ಹತ್ತನೆಯದಾಯಿತು. ಅದೇ ಸರಗೋಸಾ 2025ರ ಏಪ್ರಿಲ್‌ನಲ್ಲಿ ತಂಡವನ್ನು ಮತ್ತೆ ಫೈನಲ್‌ಗೆ ಒಯ್ದರು. ಅಲ್ಲಿ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್‌ಗೆ 1-2ರ ಸೋಲು.

ನೋಡುಗರು ಗಮನಿಸಬೇಕಾದದ್ದು

ಸೋತ ದಿನ ಕೋಚ್‌ನನ್ನು ಬಯ್ಯುವುದು ಸುಲಭ. ನ್ಯಾಯವಾಗಿ ಅಳೆಯಬೇಕಾದರೆ ಮೂರು ವಿಷಯ ನೋಡಬೇಕು. ಗೋಲ್ ಬರದಿದ್ದರೂ ಅವಕಾಶಗಳು ಹುಟ್ಟುತ್ತಿವೆಯೇ? ಗೋಲ್‌ಗಳೆಲ್ಲ ಒಬ್ಬನಿಂದಲೋ ಒಂದೇ ದಾರಿಯಿಂದಲೋ ಬರುತ್ತಿವೆಯೇ? ಆ ದಾರಿ ಮುಚ್ಚಿದಾಗ ಕೋಚ್ ಇನ್ನೊಂದನ್ನು ಹುಡುಕುತ್ತಿದ್ದಾರೆಯೇ? 2019ರಲ್ಲಿ ಟ್ರೋಫಿ ತಂದ ಕಾರ್ನರ್ ಕಿಕ್ಕನ್ನೇ ನಂಬಿ ಕುಳಿತದ್ದು 2021ರ ಹೊತ್ತಿಗೆ ಸಾಲಲಿಲ್ಲ. ಅಭಿಮಾನಿಗಳ ಅಸಮಾಧಾನದ ತಿರುಳು ಸೋಲಿಗಿಂತ ಹೆಚ್ಚಾಗಿ ಇದೇ ಆಗಿತ್ತು.