ಸಂದರ್ಭಸಹಿತ ಪದಸೂಚಿ
ಪಠ್ಯವೊಂದರ ಪದಗಳನ್ನು, ಪ್ರತಿ ಪದದ ಹಿಂದುಮುಂದಿನ ಮಾತುಗಳೊಡನೆ ಒಂದೊಂದೇ ಸಾಲಿನಲ್ಲಿ ಅಕಾರಾದಿಯಾಗಿ ಜೋಡಿಸಿದ ಪಟ್ಟಿ. ಇದು ಪದಪ್ರಯೋಗಕೋಶದ ಯಾಂತ್ರಿಕ ರೂಪ. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1950ರ ದಶಕದ ಕೊನೆಯಲ್ಲಿ ಇದನ್ನು ಕಂಪ್ಯೂಟರಿನಿಂದ ಸಿದ್ಧಪಡಿಸುವ ಕ್ರಮವನ್ನು ರೂಪಿಸಿದರು.

ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಕಮಾಂಡ್ ಸಾಲಿನಿಂದಲೇ ಇದನ್ನು ಪಡೆಯಬಹುದು. ಪಿಟಿಎಕ್ಸ್ ಎಂಬ ಕಮಾಂಡ್ ಇಡೀ ಪಠ್ಯಕ್ಕೆ ಸೂಚಿ ಕಟ್ಟುತ್ತದೆ. ಗ್ರೆಪ್ ಎಂಬ ಕಮಾಂಡ್ ಕೇಳಿದ ಪದವನ್ನು ಅಕ್ಕಪಕ್ಕದ ಇಂತಿಷ್ಟು ಅಕ್ಷರಗಳೊಡನೆ ಹೆಕ್ಕುತ್ತದೆ, ಸಾರ್ಟ್ ಆ ಸಾಲುಗಳನ್ನು ಕ್ರಮಗೊಳಿಸುತ್ತದೆ. ಪಿಟಿಎಕ್ಸ್ ಬೈಟ್ ಲೆಕ್ಕದ ಉಪಕರಣ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಸಾಲಿನ ಅಂಚಿನಲ್ಲಿ ಅಕ್ಷರಗಳು ಒಡೆಯಬಹುದು. ಕನ್ನಡಕ್ಕೆ ಗ್ರೆಪ್ ಹೆಚ್ಚು ಒಗ್ಗುತ್ತದೆ.

ನಿಜವಾದ ತೊಡಕು ಭಾಷೆಯದೇ. ‘ಕಾಲ’ ಎಂದು ಹುಡುಕಿದರೆ ‘ಕಾಲು’, ‘ಕಾಲಿಗೆ’ ಕೂಡ ಸಿಕ್ಕುತ್ತವೆ. ಆದೇಶಸಂಧಿಯ ‘ಮಳೆಗಾಲ’ ಮಾತ್ರ ತಪ್ಪಿಹೋಗುತ್ತದೆ. ಕಲಬುರಗಿಯ ಬಡಾವಣೆ ‘ಶಹಾಬಜಾರ’ ಗ್ರೆಪ್‌ನಲ್ಲಿ ‘ಬಜಾರ’ ಎಂದರೂ ದೊರೆಯುತ್ತದೆ. ಆದರೆ ಪದಗಳ ಮೊದಲಕ್ಷರ ನೋಡಿ ಜೋಡಿಸುವ ಸೂಚಿಯಲ್ಲಿ ಅದರ ಸ್ಥಾನ ‘ಶ’ಕಾರದಲ್ಲೇ. ಆದ್ದರಿಂದ ವಿಭಕ್ತಿ, ಸಂಧಿ ಬಿಡಿಸಿದ ಪಠ್ಯದಿಂದ ಹೊರಟ ಸೂಚಿಯೇ ನಂಬಲರ್ಹ.

ಪದದ ಅರ್ಥಚ್ಛಾಯೆ, ಪಾಠಭೇದ, ಕವಿಯ ಶೈಲಿ ಇವುಗಳ ಅಧ್ಯಯನಕ್ಕೆ ಈ ಸೂಚಿ ಆಧಾರ. ಕಲಬುರಗಿ ಜಿಲ್ಲೆಯ ಮಳಖೇಡ, ಅಂದರೆ ಮಾನ್ಯಖೇಟದ ರಾಷ್ಟ್ರಕೂಟ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದಂಥ ಹಳಗನ್ನಡ ಕೃತಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಕನ್ನಡದಲ್ಲಿ ಈ ಬಗೆಯ ಮುಖ್ಯ ಕೆಲಸ ‘ವಚನ ಸಂಚಯ’. 20,000ಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಳಕೆಯಾಗಿದೆ ಎಂಬುದನ್ನು ಅದು ವಚನಸಹಿತ ತೋರಿಸುತ್ತದೆ.